ಮೊದಲ ದಿನದ ಎದೆ ಹಾಲು, ಆರನೇ ತಿಂಗಳ ಎದೆ ಹಾಲು: ಏನೇನು ಬದಲಾಗುತ್ತದೆ, ಯಾಕೆ?

ಶಿರಸಿಯ ತೋಟದ ಮನೆಯಿರಲಿ, ಕಾರವಾರದ ಕಡಲ ಬದಿಯ ಕೇರಿಯಿರಲಿ, ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಾದ ಮನೆಯಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಹಾಲು ನೀರಾಗಿದೆ, ಕೂಸಿಗೆ ಸಾಲ್ತಾ ಇಲ್ಲ." ಹೇಳುವವರು ಅಜ್ಜಿಯಿರಬಹುದು, ಅತ್ತೆಯಿರಬಹುದು, ಮಗು ನೋಡಲು ಬಂದ ನೆಂಟರಿರಬಹುದು. ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಅದನ್ನು ಕೇಳಿದ ತಾಯಿಗೆ ತನ್ನ ಮೇಲೆಯೇ ಅನುಮಾನ ಶುರುವಾಗುತ್ತದೆ. ಸ್ವಲ್ಪ ದಿನದಲ್ಲೇ ಪುಡಿ ಹಾಲಿನ ಡಬ್ಬಿ ಮನೆಗೆ ಬಂದಿರುತ್ತದೆ.

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ. ಆಸ್ಪತ್ರೆಯಲ್ಲಿ, ಅಂಗನವಾಡಿಯಲ್ಲಿ "ಆರು ತಿಂಗಳು ಎದೆ ಹಾಲು ಮಾತ್ರ" ಎಂಬ ಪೋಸ್ಟರ್ ಕಾಣುತ್ತದೆ. ಆರೇ ತಿಂಗಳು ಯಾಕೆ? ಅಲ್ಲಿಯವರೆಗೆ ಹಾಲಿನೊಳಗೆ ಏನು ನಡೆಯುತ್ತದೆ? ಅದನ್ನು ಕೂತು ಬಿಡಿಸಿ ಹೇಳುವವರು ಕಡಿಮೆ.

ಎದೆ ಹಾಲು ಬದಲಾಗುವುದಂತೂ ನಿಜ. ದಿನದಿಂದ ದಿನಕ್ಕೆ, ತಿಂಗಳಿನಿಂದ ತಿಂಗಳಿಗೆ, ಒಮ್ಮೆ ಕುಡಿಸುವ ಹದಿನೈದಿಪ್ಪತ್ತು ನಿಮಿಷದೊಳಗೂ ಬದಲಾಗುತ್ತದೆ. ಕೆಲವು ಬದಲಾವಣೆ ತಾಯಿ ಏನೇ ತಿಂದರೂ ತಾನಾಗಿ ಆಗುತ್ತವೆ. ಇನ್ನು ಕೆಲವಕ್ಕೆ ಅವಳ ಊಟವೇ ಕಾರಣ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿದರೆ, ಎಲ್ಲಿ ಚಿಂತೆ ಬೇಡ, ಎಲ್ಲಿ ಗಮನ ಬೇಕು ಎನ್ನುವುದು ಗೊತ್ತಾಗುತ್ತದೆ.

ಮೊದಲು, ಹಾಲಿನಲ್ಲಿ ಇರುವುದೇನು?

ಹೆರಿಗೆಯಾಗಿ ಕೆಲವು ವಾರ ಕಳೆದ ಮೇಲಿನ 100 ಮಿಲಿಲೀಟರ್ ಎದೆ ಹಾಲಿನಲ್ಲಿ ಸುಮಾರು 87 ಗ್ರಾಂ ನೀರೇ ಇರುತ್ತದೆ. ಸುಮಾರು 7 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಕೊಬ್ಬು ಮೂರೂವರೆಯಿಂದ 4 ಗ್ರಾಂ. ಪ್ರೋಟೀನ್ ಬರೀ 1 ಗ್ರಾಂ ಆಸುಪಾಸು. ಇವೆಲ್ಲ ಸೇರಿ 65ರಿಂದ 70 ಕ್ಯಾಲೊರಿ ಶಕ್ತಿ. ಉಳಿದಂತೆ ಖನಿಜಗಳು, ವಿಟಮಿನ್‌ಗಳು, ರೋಗ ತಡೆಯುವ ಅಂಶಗಳು.

ಈ ಲೆಕ್ಕದಲ್ಲೇ ಒಂದು ವಿಷಯ ಕಾಣುತ್ತದೆ ನೋಡಿ. ಎದೆ ಹಾಲು ಮೊದಲಿನಿಂದಲೂ ಹೆಚ್ಚಿನಂಶ ನೀರೇ. ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲೂ ಆರು ತಿಂಗಳೊಳಗಿನ ಕೂಸಿಗೆ ಬೇರೆ ನೀರು ಕುಡಿಸಬೇಕಾಗಿಲ್ಲ ಎಂದು ವೈದ್ಯರು ಹೇಳುವುದು ಇದಕ್ಕೇ.

ಮೊದಲ ದಿನಗಳ ಗಿಣ್ಣದ ಹಾಲು

ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ, ಅಂಟಂಟಾದ ಹಾಲು. ಮೊದಲ ದಿನ ಒಂದು ಸಲಕ್ಕೆ ಸಿಗುವುದು ಒಂದು ಚಮಚದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ. ಇಷ್ಟು ಸ್ವಲ್ಪ ಬರುವುದನ್ನು ನೋಡಿ ಎಷ್ಟೋ ಮನೆಯವರು ಗಾಬರಿಯಾಗುತ್ತಾರೆ. ಆದರೆ ಹುಟ್ಟಿದ ದಿನ ಕೂಸಿನ ಹೊಟ್ಟೆಯೂ ತುಂಬಾ ಚಿಕ್ಕದು. ಅದಕ್ಕೆ ಅಷ್ಟು ಸಾಕು.

ಹಸು ಕರು ಹಾಕಿದಾಗ ಬರುವ ಹಾಲನ್ನು ಬೇಯಿಸಿದರೆ ಗಿಣ್ಣು ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೆ ಅದರಲ್ಲಿರುವ ಪ್ರೋಟೀನ್ ಕಾರಣ. ಹೆಂಗಸರ ಗಿಣ್ಣದ ಹಾಲಿನಲ್ಲೂ ಪ್ರೋಟೀನ್ ಜಾಸ್ತಿ, ನಂತರದ ಹಾಲಿನ ಎರಡರಷ್ಟು ಅಥವಾ ಇನ್ನೂ ಹೆಚ್ಚು. ಆದರೆ ಈ ಪ್ರೋಟೀನಿನ ದೊಡ್ಡ ಪಾಲು ಮೈ ಬೆಳೆಸಲು ಬಂದದ್ದಲ್ಲ, ಮಗುವನ್ನು ಕಾಯಲು ಬಂದದ್ದು. ಐಜಿಎ ಎಂಬ ಪ್ರತಿಕಾಯ ಮಗುವಿನ ಗಂಟಲು, ಕರುಳಿನ ಒಳಗೋಡೆಗೆ ಲೇಪವಾಗಿ ಕೂತು ರೋಗಾಣು ಅಂಟಿಕೊಳ್ಳದಂತೆ ತಡೆಯುತ್ತದೆ. ಲ್ಯಾಕ್ಟೋಫೆರಿನ್ ಎಂಬ ಇನ್ನೊಂದು ಪ್ರೋಟೀನ್ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಕ್ಕೆ ಸಿಗದಂತೆ ಮಾಡುತ್ತದೆ. ತಾಯಿ ಕಂಡ ಕಾಯಿಲೆ, ತಾಯಿ ಇರುವ ಊರಿನ ರೋಗಾಣು, ಅವುಗಳ ವಿರುದ್ಧವೇ ತಯಾರಾದ ಪ್ರತಿಕಾಯಗಳಿವು. ಹೊರಗಿನಿಂದ ತಂದ ಯಾವ ಪುಡಿಯಲ್ಲೂ ಇದು ಸಿಗುವುದಿಲ್ಲ.

ಹಳದಿ ಬಣ್ಣಕ್ಕೆ ಕಾರಣ ಬೀಟಾ ಕ್ಯಾರೊಟಿನ್. ಮೈಯಲ್ಲಿ ಅದು ವಿಟಮಿನ್ ಎ ಆಗುತ್ತದೆ. ಗಿಣ್ಣದ ಹಾಲಿನಲ್ಲಿ ವಿಟಮಿನ್ ಎ, ವಿಟಮಿನ್ ಇ, ಜಿಂಕ್ ಎಲ್ಲವೂ ಜಾಸ್ತಿ. ಕೊಬ್ಬು ಮತ್ತು ಸಕ್ಕರೆ ಕಡಿಮೆ.

ಬಣ್ಣ ನೋಡಿ ಇದನ್ನು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲುವ ರೂಢಿ ಇನ್ನೂ ಕೆಲವು ಕಡೆ ಇದೆ. ಬದಲಿಗೆ ಜೇನು ನೆಕ್ಕಿಸುತ್ತಾರೆ, ಸಕ್ಕರೆ ನೀರು ಹಾಕುತ್ತಾರೆ. ಮಲೆನಾಡಿನ ಜೇನು ಎಷ್ಟೇ ಒಳ್ಳೆಯದಿರಲಿ, ಒಂದು ವರ್ಷದೊಳಗಿನ ಮಗುವಿಗೆ ಅದು ಬೇಡವೇ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಕರುಳಲ್ಲಿ ಬೆಳೆದು ವಿಷ ಬಿಡಬಲ್ಲದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹಳದಿ ಹನಿಗಳು ಚೆಲ್ಲುವ ವಸ್ತುವೇ ಅಲ್ಲ.

ಮೂರನೇ ದಿನ ಹಾಲು ಇಳಿಯುವುದು ಹೇಗೆ?

ಮಾಸು ಬಿದ್ದ ಕೂಡಲೇ ತಾಯಿಯ ಮೈಯಲ್ಲಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಇಳಿಯುತ್ತದೆ. ಹಾಲು ಉತ್ಪತ್ತಿಗೆ ಅಲ್ಲಿಯವರೆಗೆ ಇದ್ದ ತಡೆ ಹೋಗುತ್ತದೆ. ಹಾಲು ತಯಾರಿಸುವ ಜೀವಕೋಶಗಳ ನಡುವಿನ ಸಂದುಗಳು ಮುಚ್ಚಿಕೊಳ್ಳುತ್ತವೆ. ಅದರಿಂದ ರಕ್ತದ ಉಪ್ಪಿನಂಶ ಹಾಲಿಗೆ ಸೇರುವುದು ಕಡಿಮೆಯಾಗುತ್ತದೆ. ಜೀವಕೋಶದೊಳಗೆ ಲ್ಯಾಕ್ಟೋಸ್ ತಯಾರಿ ಜೋರಾಗುತ್ತದೆ.

ಆಮೇಲೆ ಆಗುವುದನ್ನು ಶಿರಸಿ ಕಡೆಯವರಿಗೆ ಹೇಳುವುದು ಸುಲಭ. ಅಪ್ಪೆಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಕೆಲವೇ ದಿನದಲ್ಲಿ ನೀರು ಬಿಟ್ಟುಕೊಳ್ಳುತ್ತದೆ, ಮಿಡಿ ಚಿರುಟುತ್ತದೆ. ನಾವು ಹೊರಗಿನಿಂದ ನೀರು ಹಾಕಿರುವುದಿಲ್ಲ. ಉಪ್ಪು ಇರುವ ಕಡೆಗೆ ಮಿಡಿಯೊಳಗಿನ ನೀರು ತಾನಾಗಿ ಬಂದಿರುತ್ತದೆ. ಎದೆಯಲ್ಲಿ ಉಪ್ಪಿನ ಕೆಲಸವನ್ನು ಲ್ಯಾಕ್ಟೋಸ್ ಮಾಡುತ್ತದೆ. ಸಕ್ಕರೆ ಎಷ್ಟು ತಯಾರಾಗುತ್ತದೋ ಅಷ್ಟು ನೀರು ಅದರ ಹಿಂದೆ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಎದೆ ತುಂಬಿ ಬಿಗಿಯಾಗುವುದು ಹೀಗೆ. ಸಿಸೇರಿಯನ್ ಆದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಇದು ಒಂದು ದಿನ ತಡವಾಗಬಹುದು.

ಸಕ್ಕರೆಗೂ ನೀರಿಗೂ ಹೀಗೆ ನಂಟಿರುವುದರಿಂದ ಲ್ಯಾಕ್ಟೋಸಿನ ಪ್ರಮಾಣ ಮುಂದೆ ಹೆಚ್ಚೇನೂ ಬದಲಾಗುವುದಿಲ್ಲ. ಬಡವರಿರಲಿ ಸಿರಿವಂತರಿರಲಿ, ಎರಡನೇ ತಿಂಗಳಿರಲಿ ಹತ್ತನೇ ತಿಂಗಳಿರಲಿ, ಹೆಚ್ಚುಕಮ್ಮಿ ಅಷ್ಟೇ. ತಾಯಿ ಸುಮ್ನೆ ಚೊಂಬುಗಟ್ಟಲೆ ನೀರು ಕುಡಿದರೆ ಹಾಲು ತೆಳುವಾಗುವುದೂ ಇಲ್ಲ, ಜಾಸ್ತಿಯಾಗುವುದೂ ಇಲ್ಲ. ಹಾಗೆಂದು ಬಾಣಂತಿಗೆ ನೀರು ಕೊಡಬಾರದು ಎನ್ನುವುದೂ ತಪ್ಪು. ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕೊಡುವ ಮೈಗೆ ಬಾಯಾರಿಕೆ ಆಗಿಯೇ ಆಗುತ್ತದೆ. ಬಾಯಾರಿದಾಗ ಕುಡಿಯಬೇಕು.

ಮೊದಲ ಎರಡು ವಾರ ಹಾಲು ಗಿಣ್ಣದಿಂದ ಮಾಮೂಲಿ ಹಾಲಿನತ್ತ ಹೊರಳುತ್ತಿರುತ್ತದೆ. ಹಳದಿ ಹೋಗಿ ಬಿಳಿಯಾಗುತ್ತದೆ.

"ನೀರಾದಂತೆ" ಕಾಣುವುದು ಯಾಕೆ?

ಹಾಲಿನಲ್ಲಿ ಅತಿ ಹೆಚ್ಚು ಏರಿಳಿಯುವುದು ಕೊಬ್ಬು. ಒಂದೇ ದಿನದಲ್ಲಿ, ಒಂದೇ ತಾಯಿಯಲ್ಲಿ, ಒಂದೇ ಸಲ ಕುಡಿಸುವಾಗ.

ಕೆಲಸಕ್ಕೆ ಹೋಗುವ ತಾಯಂದಿರು ಹಾಲು ಹಿಂಡಿ ಫ್ರಿಜ್ಜಿನಲ್ಲಿಟ್ಟಾಗ ಇದನ್ನು ಕಣ್ಣಾರೆ ನೋಡಬಹುದು. ರಾತ್ರಿಯೆಲ್ಲ ತುಂಬಿಕೊಂಡ ಎದೆಯಿಂದ ಬೆಳಿಗ್ಗೆ ಮೊದಲು ಹಿಂಡಿದ್ದನ್ನು ಒಂದು ಬಾಟಲಿಯಲ್ಲಿ ಹಿಡಿಯಿರಿ. ಅದು ತೆಳುವಾಗಿ, ಸ್ವಲ್ಪ ನೀಲಿ ಛಾಯೆಯಲ್ಲಿ ಇರುತ್ತದೆ. ಕೊನೆಕೊನೆಗೆ ಬಂದದ್ದನ್ನು ಇನ್ನೊಂದರಲ್ಲಿ ಹಿಡಿಯಿರಿ. ಕೆಲವು ಗಂಟೆ ಬಿಟ್ಟು ನೋಡಿದರೆ ಎರಡನೆಯದರ ಮೇಲೆ ದಪ್ಪ ಕೆನೆ ಕಟ್ಟಿರುತ್ತದೆ. ಮೊದಲನೆಯದರಲ್ಲಿ ತೆಳ್ಳನೆಯ ಗೆರೆಯಷ್ಟೇ. ಎರಡೂ ಅದೇ ತಾಯಿಯ, ಅದೇ ಹೊತ್ತಿನ ಹಾಲು.

ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಗಳು ಎದೆಯೊಳಗಿನ ಹಾಲಿನ ಚೀಲಗಳ ಗೋಡೆಗೆ ಅಂಟಿಕೊಂಡಿರುತ್ತವೆ. ಎದೆ ತುಂಬಿದ್ದಾಗ ನೀರಿನಂಶ ಮೊದಲು ಹೊರಗೆ ಬರುತ್ತದೆ. ಎದೆ ಖಾಲಿಯಾಗುತ್ತಾ ಬಂದಂತೆ ಕೊಬ್ಬು ಬಿಡಿಸಿಕೊಂಡು ಬರುತ್ತದೆ. ಹಾಗಾಗಿ ಒಂದು ಕಡೆ ಪೂರ್ತಿ ಕುಡಿದು ಮುಗಿಸಲು ಮಗುವಿಗೆ ಬಿಟ್ಟು, ಆಮೇಲೆ ಇನ್ನೊಂದು ಕಡೆಗೆ ಹಾಕುವುದು ಒಳ್ಳೆಯದು. ಗಡಿಯಾರ ನೋಡಿಕೊಂಡು ಬದಲಿಸಬೇಕಾಗಿಲ್ಲ. ಮೊದಲು ಬರುವ ತೆಳು ಹಾಲೂ ವ್ಯರ್ಥವಲ್ಲ. ಬಾಯಾರಿಕೆ ಇಂಗಿಸುವುದು ಅದೇ, ಪ್ರೋಟೀನ್, ಸಕ್ಕರೆ ಅದರಲ್ಲೂ ಇದೆ.

ಹಸು, ಎಮ್ಮೆ ಹಾಲನ್ನು ನಾವು ಕೆನೆ ನೋಡಿ ಅಳೆಯುತ್ತೇವೆ. ಅದೇ ಕಣ್ಣಿನಿಂದ ಎದೆ ಹಾಲು ನೋಡಿದರೆ ಯಾವಾಗಲೂ ತೆಳುವೇ ಅನ್ನಿಸುತ್ತದೆ. ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಮಗುವನ್ನು ನೋಡಬೇಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ಯುತ್ತಿದೆಯೇ? ಹುಟ್ಟಿದಾಗಿನ ತೂಕಕ್ಕೆ ಎರಡು ವಾರದೊಳಗೆ ವಾಪಸ್ ಬಂದಿದೆಯೇ? ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆ ಮೇಲಕ್ಕೆ ಹೋಗುತ್ತಿದೆಯೇ? ಹೋಗುತ್ತಿದ್ದರೆ ಹಾಲು ಸರಿಯಾಗಿಯೇ ಇದೆ. ಹೋಗುತ್ತಿಲ್ಲ ಎಂದರೆ ಡಬ್ಬಿ ತರುವ ಮೊದಲು ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ತೋರಿಸಬೇಕು. ಎಷ್ಟೋ ಸಲ ಮಗು ಎದೆ ಹಿಡಿಯುವ ರೀತಿ ಸರಿಪಡಿಸಿದರೆ ಸಾಕಾಗುತ್ತದೆ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ಮತ್ತೆ ತಯಾರಾಗುತ್ತದೆ. ಡಬ್ಬಿ ಹಾಲು ಶುರುವಾದರೆ ಎದೆ ಖಾಲಿಯಾಗುವುದು ಕಡಿಮೆಯಾಗಿ, ನಿಜವಾಗಿಯೂ ಹಾಲು ಕಡಿಮೆಯಾಗುತ್ತದೆ.

ತಿಂಗಳು ಕಳೆದಂತೆ ಪ್ರೋಟೀನ್ ಇಳಿಯುತ್ತದೆ

ಮೊದಲ ತಿಂಗಳು 100 ಮಿಲಿಲೀಟರಿಗೆ ಒಂದೂವರೆ ಗ್ರಾಂ ಹತ್ತಿರ ಇರುವ ಪ್ರೋಟೀನ್, ಮೂರ್ನಾಲ್ಕು ತಿಂಗಳಿಗೆ ಒಂದು ಗ್ರಾಂ ಆಗುತ್ತದೆ. ಆರು ತಿಂಗಳ ಮೇಲೆ ಇನ್ನೂ ಸ್ವಲ್ಪ ಕಡಿಮೆ. ಇದನ್ನು ಕೇಳಿದರೆ ಭಯವಾಗುತ್ತದೆ, ಅಲ್ವಾ? ಆದರೆ ಮಗು ಬೆಳೆಯುವ ವೇಗವೂ ಇಳಿಯುತ್ತಿರುತ್ತದೆ. ಹುಟ್ಟಿದ ಹೊಸದರಲ್ಲಿ ಅದು ಭರದಿಂದ ಬೆಳೆಯುತ್ತದೆ. ಐದು ತಿಂಗಳ ಹೊತ್ತಿಗೆ ತೂಕ ದುಪ್ಪಟ್ಟಾಗುತ್ತದೆ, ಒಂದು ವರ್ಷಕ್ಕೆ ಮೂರು ಪಟ್ಟು. ಆಮೇಲೆ ನಿಧಾನ. ಒಂದು ಕಿಲೋ ತೂಕಕ್ಕೆ ಬೇಕಾಗುವ ಪ್ರೋಟೀನ್ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಹಾಲು ಅದಕ್ಕೆ ಸರಿಯಾಗಿ ಇಳಿಯುತ್ತದೆ.

ಪ್ರೋಟೀನಿನ ಬಗೆಯೂ ಬದಲಾಗುತ್ತದೆ. ಹಾಲು ಒಡೆದಾಗ ಗಟ್ಟಿಯಾಗಿ ನಿಲ್ಲುವುದು ಕೇಸಿನ್, ತಿಳಿನೀರಿನಲ್ಲಿ ಉಳಿಯುವುದು ವೇ ಪ್ರೋಟೀನ್. ಎದೆ ಹಾಲಿನಲ್ಲಿ ಶುರುವಿನಲ್ಲಿ ಹೆಚ್ಚುಪಾಲು ವೇ. ಅದು ಬೇಗ ಅರಗುತ್ತದೆ. ಮಾಮೂಲಿ ಹಾಲಿನಲ್ಲಿ ವೇ 60 ಪಾಲು, ಕೇಸಿನ್ 40 ಪಾಲು. ಕೊನೆಕೊನೆಗೆ ಸಮಸಮ. ಹಸುವಿನ ಹಾಲಿನಲ್ಲಿ ತಿರುಗುಮುರುಗು, ಕೇಸಿನ್ನೇ 80 ಪಾಲು. ಒಟ್ಟು ಪ್ರೋಟೀನೂ ಮೂರು ಪಟ್ಟು. ತಿಂಗಳೆರಡರೊಳಗೆ ದುಪ್ಪಟ್ಟಾಗುವ ಕರುವಿಗೆ ಅದು ಸರಿ. ನಮ್ಮ ಕೂಸಿನ ಕರುಳಿಗೆ, ಮೂತ್ರಪಿಂಡಕ್ಕೆ ಅದು ಭಾರ. ಒಂದು ವರ್ಷದವರೆಗೆ ಎದೆ ಹಾಲಿನ ಜಾಗದಲ್ಲಿ ಹಸುವಿನ ಹಾಲು ಬೇಡ ಎನ್ನುವುದು ಅದಕ್ಕೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ತಾಯಿಯ ಹಾಲಿನಲ್ಲಿ ಮೊದಲ ಕೆಲವು ವಾರ ಪ್ರೋಟೀನ್ ಇನ್ನೂ ಜಾಸ್ತಿ ಇರುತ್ತದೆ. ಆದರೂ ತೀರಾ ಚಿಕ್ಕ ಕೂಸುಗಳಿಗೆ ಅದು ಸಾಲದೆ, ಆಸ್ಪತ್ರೆಯಲ್ಲಿ ತಾಯಿಯ ಹಾಲಿಗೇ ಪೋಷಕಾಂಶ ಬೆರೆಸಿ ಕೊಡುವುದುಂಟು. ತಾಯಿಯ ಹಾಲು ಸರಿಯಿಲ್ಲ ಎಂದು ಇದರ ಅರ್ಥವಲ್ಲ.

ಬಾಣಂತಿಯ ಊಟ ಹಾಲಿಗೆ ಏನು ಮಾಡುತ್ತದೆ?

ಹೆಚ್ಚು ಗೊಂದಲ ಇರುವುದು ಇಲ್ಲೇ. ಲ್ಯಾಕ್ಟೋಸ್, ಪ್ರೋಟೀನ್, ಕ್ಯಾಲ್ಸಿಯಂ, ಕಬ್ಬಿಣ, ಜಿಂಕ್ ಇವೆಲ್ಲ ತಾಯಿಯ ಊಟ ನೋಡಿ ಏರಿಳಿಯುವುದಿಲ್ಲ. ಊಟದಲ್ಲಿ ಕಡಿಮೆಯಾದರೆ ಮೈ ತನ್ನದನ್ನೇ ತೆಗೆದು ಹಾಲಿಗೆ ಕೊಡುತ್ತದೆ. ಕ್ಯಾಲ್ಸಿಯಂ ಬಹುಪಾಲು ತಾಯಿಯ ಮೂಳೆಯಿಂದಲೇ ಹೋಗುತ್ತದೆ. ಹಾಲು ಬಿಡಿಸಿದ ಮೇಲೆ ಮೂಳೆ ಮತ್ತೆ ತುಂಬಿಕೊಳ್ಳುತ್ತದೆ. ಹಾಗಾದರೆ ಬಾಣಂತಿಗೆ ಚೆನ್ನಾಗಿ ಉಣಿಸುವುದು ಯಾಕೆ? ಅವಳಿಗಾಗಿ. ಮೊದಲ ಆರು ತಿಂಗಳು ಅವಳಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಎನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ. ಅಳವಿ ಬೀಜದ ಪಾಯಸದಲ್ಲಿರುವ ಕಬ್ಬಿಣ ಹಾಲಿಗೆ ಹೋಗುವುದಿಲ್ಲ, ಆದರೆ ಹೆರಿಗೆಯಲ್ಲಿ ಕಳೆದುಕೊಂಡ ರಕ್ತವನ್ನು ತುಂಬಿಕೊಡುತ್ತದೆ. ಅಷ್ಟಿದ್ದರೆ ಸಾಲದೇ?

ಇನ್ನೊಂದು ಗುಂಪಿನ ಪೋಷಕಾಂಶಗಳು ತಾಯಿಯ ಊಟದಲ್ಲಿ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆಯಾಗುತ್ತವೆ. ಬಿ1, ಬಿ6, ಬಿ12 ವಿಟಮಿನ್‌ಗಳು, ವಿಟಮಿನ್ ಎ, ಅಯೋಡಿನ್, ಕೆಲವು ಬಗೆಯ ಕೊಬ್ಬು. ಕಷ್ಟ ಬರುವುದು ಇಲ್ಲಿಂದ.

ಬಿ1 ಅಂದರೆ ಥಯಾಮಿನ್. ಇದು ಅಕ್ಕಿಯ ತೌಡಿನಲ್ಲಿರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬಹುಪಾಲು ಹೋಗಿರುತ್ತದೆ. ಮೂರ್ನಾಲ್ಕು ನೀರಿನಲ್ಲಿ ತೊಳೆದು, ಅನ್ನದ ಗಂಜಿ ಬಸಿದು ಚೆಲ್ಲಿದರೆ ಉಳಿದದ್ದೂ ಹೋಯಿತು. ಪಥ್ಯದ ಹೆಸರಿನಲ್ಲಿ ಬಾಣಂತಿಗೆ ತಿಂಗಳುಗಟ್ಟಲೆ ಬೆಳ್ತಿಗೆ ಅನ್ನ (ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ), ತೆಳು ಸಾರು ಮಾತ್ರ ಕೊಟ್ಟರೆ ಹಾಲಿನಲ್ಲಿ ಬಿ1 ಕುಸಿಯುತ್ತದೆ. ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ಏದುಸಿರು ಬಿಟ್ಟು, ಅಳುವಿನ ದನಿಯೇ ಹೊರಡದ ಸ್ಥಿತಿಗೆ ಬರಬಹುದು. ಅದರ ಹೃದಯ ಸೋಲುತ್ತಿರುತ್ತದೆ. ಕರ್ನಾಟಕದ ವೈದ್ಯರೂ ಇಂಥ ಮಕ್ಕಳನ್ನು ನೋಡಿದ್ದಾರೆ. ಸಮಯಕ್ಕೆ ಥಯಾಮಿನ್ ಚುಚ್ಚುಮದ್ದು ಸಿಕ್ಕರೆ ಗಂಟೆಗಳಲ್ಲಿ ಚೇತರಿಕೆ ಶುರುವಾಗುತ್ತದೆ. ನಮ್ಮ ಕರಾವಳಿಯ ಕುಚ್ಚಲಕ್ಕಿ ಈ ವಿಷಯದಲ್ಲಿ ದೊಡ್ಡ ಆಸರೆ. ಭತ್ತವನ್ನು ಸಿಪ್ಪೆಯೊಂದಿಗೇ ಬೇಯಿಸುವುದರಿಂದ ತೌಡಿನ ಬಿ1 ಕಾಳಿನೊಳಕ್ಕೆ ಇಳಿದಿರುತ್ತದೆ, ಮಿಲ್ಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಗಂಜಿಯನ್ನೂ ಕುಡಿದರೆ ಇನ್ನೂ ಒಳ್ಳೆಯದು. ಜೊತೆಗೆ ಬೇಳೆ, ಹೆಸರುಕಾಳು. ಪಥ್ಯ ಮಾಡುವವರು ಇವನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ.

ಬಿ12 ಸಿಗುವುದು ಮೀನು, ಮೊಟ್ಟೆ, ಮಾಂಸ, ಹಾಲು, ಮೊಸರಿನಲ್ಲಿ. ಸೊಪ್ಪು ತರಕಾರಿಯಲ್ಲಿ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಸ್ಯಾಹಾರಿ ಮನೆಗಳಲ್ಲಿ ಹಾಲು ಮೊಸರೇ ಆಧಾರ. ನೀರು ಮಜ್ಜಿಗೆಯಿಂದ ಸಿಗುವುದು ಕಡಿಮೆ. ತಾಯಿಯಲ್ಲಿ ಕೊರತೆಯಿದ್ದರೆ ಹಾಲು ಕುಡಿದು ದಪ್ಪಗೇ ಕಾಣುವ ಮಗು ಕೂಡ ನಾಲ್ಕಾರು ತಿಂಗಳ ಮೇಲೆ ಮಂಕಾಗುತ್ತದೆ, ನಗುವುದು ಬಿಡುತ್ತದೆ, ಕಲಿತದ್ದನ್ನು ಮರೆಯುತ್ತದೆ. ಕೆಲವಕ್ಕೆ ಕೈ ನಡುಗುತ್ತದೆ. ಬೇಗ ಗೊತ್ತಾದರೆ ಇದಕ್ಕೂ ಔಷಧಿ ಸುಲಭ. ಗರ್ಭಿಣಿಯಾಗಿರುವಾಗಲೇ ರಕ್ತ ಪರೀಕ್ಷೆ ಮಾಡಿಸಿ, ಬೇಕಾದರೆ ಮಾತ್ರೆ ತೆಗೆದುಕೊಳ್ಳುವುದು ಇನ್ನೂ ಸುಲಭ.

ಹಾಲಿನ ಕೊಬ್ಬು ಒಟ್ಟು ಎಷ್ಟಿದೆ ಎನ್ನುವುದು ಊಟದಿಂದ ಅಷ್ಟಾಗಿ ಬದಲಾಗದಿದ್ದರೂ, ಯಾವ ಬಗೆಯದು ಎನ್ನುವುದು ಬದಲಾಗುತ್ತದೆ. ತೆಂಗಿನೆಣ್ಣೆ ತಿಂದರೆ ಅದರ ಲಾರಿಕ್ ಆಮ್ಲ ಕೆಲವೇ ಗಂಟೆಗಳಲ್ಲಿ ಹಾಲಿನಲ್ಲಿ ಹೆಚ್ಚುತ್ತದೆ. ಬಂಗಡೆ, ತಾರ್ಲೆಯಂಥ ಮೀನು ತಿನ್ನುವ ತಾಯಿಯ ಹಾಲಿನಲ್ಲಿ ಮಗುವಿನ ಮೆದುಳು, ಕಣ್ಣಿಗೆ ಬೇಕಾದ ಡಿಎಚ್‌ಎ ಕೊಬ್ಬು ಜಾಸ್ತಿ. ಕಾರವಾರ ಕಡೆ ಮೋರಿ ಎಂದು ಕರೆಯುವ ಶಾರ್ಕ್ ಮೀನು ಬಾಣಂತಿಗೆ ಒಳ್ಳೆಯದು ಎಂಬ ನಂಬಿಕೆಯಿದೆ. ಆದರೆ ದೊಡ್ಡ ಶಾರ್ಕಿನ ಮಾಂಸದಲ್ಲಿ ಪಾದರಸ ಸೇರಿಕೊಂಡಿರುತ್ತದೆ. ಹಾಲುಣಿಸುವಾಗ ಬಂಗಡೆ, ತಾರ್ಲೆಯೇ ಲೇಸು, ಅಗ್ಗವೂ ಹೌದು.

ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತದೆ. ಮೊಟ್ಟೆ ತಿನ್ನುವವರು ಅದನ್ನು ಬಿಡಬಾರದು.

ವಿಟಮಿನ್ ಡಿ ಮಾತ್ರ ತಾಯಿ ಚೆನ್ನಾಗಿ ಉಂಡರೂ ಹಾಲಿನಲ್ಲಿ ತೀರಾ ಕಡಿಮೆ. ಹಾಗಾಗಿ ಮೊದಲ ವರ್ಷ ಮಗುವಿಗೆ ದಿನಕ್ಕೆ 400 ಯೂನಿಟ್ ಹನಿ ಹಾಕಲು ಮಕ್ಕಳ ವೈದ್ಯರು ಬರೆದುಕೊಡುತ್ತಾರೆ.

ಆರು ತಿಂಗಳ ಗಡಿ

ಎದೆ ಹಾಲಿನಲ್ಲಿ ಕಬ್ಬಿಣ ಮೊದಲಿನಿಂದಲೂ ಕಡಿಮೆ, ಲೀಟರಿಗೆ ಅರ್ಧ ಮಿಲಿಗ್ರಾಂಗಿಂತಲೂ ಕಡಿಮೆ. ಅದು ಚೆನ್ನಾಗಿ ಮೈಗೆ ಹಿಡಿಯುತ್ತದೆ ಎನ್ನುವುದು ನಿಜ. ಆದರೂ ಮಗು ಮೊದಲ ತಿಂಗಳುಗಳಲ್ಲಿ ಬದುಕುವುದು ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣದಿಂದ. ಹೊಕ್ಕುಳಬಳ್ಳಿಯನ್ನು ಹುಟ್ಟಿದ ತಕ್ಷಣ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಆ ದಾಸ್ತಾನು ಹೆಚ್ಚುತ್ತದೆ. ಆರು ತಿಂಗಳ ಹೊತ್ತಿಗೆ ಅದು ಖಾಲಿಯಾಗುತ್ತಾ ಬರುತ್ತದೆ. ತೂಕ ಕಡಿಮೆ ಇದ್ದ ಮಕ್ಕಳಲ್ಲಿ ಇನ್ನೂ ಬೇಗ.

ಜಿಂಕ್ ಅಂತೂ ಹಾಲಿನಲ್ಲೇ ಜೋರಾಗಿ ಇಳಿಯುತ್ತದೆ. ಮೊದಲ ವಾರ ಲೀಟರಿಗೆ ನಾಲ್ಕೈದು ಮಿಲಿಗ್ರಾಂ ಇದ್ದದ್ದು ಆರು ತಿಂಗಳಿಗೆ ಒಂದಕ್ಕಿಂತ ಕೆಳಗೆ. ತಾಯಿ ಏನು ತಿಂದರೂ ಇದನ್ನು ತಡೆಯಲಾಗುವುದಿಲ್ಲ. ಶಕ್ತಿಯ ಲೆಕ್ಕದಲ್ಲೂ ದಿನಕ್ಕೆ ಸುಮಾರು 200 ಕ್ಯಾಲೊರಿ ಕೊರತೆ ಬೀಳುತ್ತದೆ. ಹಾಲು ಅಷ್ಟೇ ಇರುತ್ತದೆ, ಮಗು ದೊಡ್ಡದಾಗಿರುತ್ತದೆ.

ನಮ್ಮಲ್ಲಿ ಅನ್ನಪ್ರಾಶನ ಆರನೇ ತಿಂಗಳಿನ ಹೊತ್ತಿಗೇ ನಡೆಯುವುದು ಇದಕ್ಕೆ ಹೊಂದುತ್ತದೆ. ಆದರೆ ಬರೀ ಅನ್ನದ ಗಂಜಿಯಲ್ಲಿ ಕಬ್ಬಿಣವೂ ಇಲ್ಲ, ಜಿಂಕೂ ಇಲ್ಲ ಎನ್ನುವಷ್ಟು ಕಡಿಮೆ. ರಾಗಿ ಸರಿ, ಹೆಸರುಬೇಳೆ, ಬೇಯಿಸಿ ಅರೆದ ಹರಿವೆ ಸೊಪ್ಪು ಕೊಡಬೇಕು. ನಾಲ್ಕು ಹನಿ ಲಿಂಬೆರಸ ಬಿಟ್ಟರೆ ಸೊಪ್ಪು ಬೇಳೆಯ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ತಿನ್ನುವ ಮನೆಗಳಲ್ಲಿ ಮೊಟ್ಟೆ, ಮುಳ್ಳು ತೆಗೆದು ಹಿಸುಕಿದ ಮೀನನ್ನೂ ಶುರು ಮಾಡಬಹುದು. ಆರು ತಿಂಗಳ ಮೇಲೆ ವಾರಕ್ಕೆರಡು ಸಲ ಹಾಕಲು ಸರ್ಕಾರದ ಕಬ್ಬಿಣದ ಸಿರಪ್ ಇದೆ, ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ.

ವರ್ಷದ ಮೇಲೆ, ಮತ್ತು ಬಿಡಿಸುವಾಗ

ಊಟ ಶುರುವಾದ ಮಾತ್ರಕ್ಕೆ ಹಾಲಿನ ಕೆಲಸ ಮುಗಿಯುವುದಿಲ್ಲ. ಆರರಿಂದ ಹನ್ನೆರಡು ತಿಂಗಳವರೆಗೆ ಮಗುವಿನ ಶಕ್ತಿಯ ಅರ್ಧ, ಎರಡನೇ ವರ್ಷ ಮೂರನೇ ಒಂದು ಭಾಗ ಎದೆ ಹಾಲಿನಿಂದಲೇ ಸಿಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗ ತಡೆಯುವ ಅಂಶಗಳು ಎರಡನೇ ವರ್ಷವೂ ಇರುತ್ತವೆ. ಜ್ವರ, ಭೇದಿ ಬಂದು ಮಗು ಊಟ ಬಿಟ್ಟಾಗ ಹಾಲಾದರೂ ಒಳಗೆ ಹೋಗುತ್ತಿರುತ್ತದೆ.

ನಿಧಾನವಾಗಿ ಕುಡಿಸುವುದು ಕಡಿಮೆಯಾದಂತೆ ಹಾಲು ಮತ್ತೆ ಗಿಣ್ಣದ ಕಡೆಗೆ ತಿರುಗುತ್ತದೆ. ಜೀವಕೋಶಗಳ ನಡುವಿನ ಸಂದು ಸಡಿಲವಾಗಿ ಉಪ್ಪಿನಂಶ, ಪ್ರೋಟೀನ್ ಏರುತ್ತವೆ, ಲ್ಯಾಕ್ಟೋಸ್ ಇಳಿಯುತ್ತದೆ. ರುಚಿ ಸ್ವಲ್ಪ ಉಪ್ಪಾಗುತ್ತದೆ. ಕೆಲವು ಮಕ್ಕಳು ಆಗ ತಾವಾಗಿಯೇ ಬಿಡುತ್ತವೆ.

ಬಿಡಿಸುವ ಯೋಚನೆಯೇ ಇಲ್ಲದಿರುವಾಗ ಮಗು ಒಂದೇ ಕಡೆಯ ಎದೆಯನ್ನು ಬೇಡ ಎನ್ನಲು ಶುರು ಮಾಡಿದರೆ ಮಾತ್ರ ಗಮನಿಸಿ. ಬಾವು ಬಂದ ಎದೆಯ ಹಾಲು ಕೂಡ ಹೀಗೇ ಉಪ್ಪಾಗುತ್ತದೆ. ಆ ಕಡೆ ಕೆಂಪಾಗಿ, ಬಿಸಿಯಾಗಿ, ನೋವಿದ್ದು ಜ್ವರ ಬಂದರೆ ತಡ ಮಾಡದೆ ವೈದ್ಯರಿಗೆ ತೋರಿಸಬೇಕು. ಆ ಹಾಲು ಮಗುವಿಗೆ ತೊಂದರೆ ಮಾಡುವುದಿಲ್ಲ. ಕುಡಿದರೆ ಕುಡಿಸುತ್ತಲೇ ಇರಬೇಕು. ಕುಡಿಯದಿದ್ದರೆ ಕೈಯಲ್ಲಾದರೂ ಹಿಂಡಿ ತೆಗೆಯಬೇಕು, ಹಾಲು ಅಲ್ಲೇ ಕಟ್ಟಿಕೊಂಡರೆ ಬಾವು ಜೋರಾಗುತ್ತದೆ.